ರನ್‌ವೇ ಪಕ್ಕದ ಕಣ

ಹುಣಸೂರು ದಾಟಿ ಪಿರಿಯಾಪಟ್ಟಣದ ಕಡೆ ಹೋಗುತ್ತಿದ್ದಾಗ ಕಾರು ಇದ್ದಕ್ಕಿದ್ದಂತೆ ನಿಧಾನವಾಯಿತು. ರಸ್ತೆಯ ಅರ್ಧಕ್ಕೆ ಒಣಗಿದ ಹುರುಳಿ ಗಿಡ ಹರವಿದ್ದರು. ಡ್ರೈವರ್ ಬೆಂಗಳೂರಿನವನು, ಏನೋ ಅನಾಹುತವಾಗಿದೆ ಅಂದುಕೊಂಡು ಪಕ್ಕಕ್ಕೆ ತಿರುಗಿಸಲು ನೋಡಿದ. "ತಪ್ಪಿಸಬೇಡಪ್ಪ, ಮೇಲೇ ಹೋಗು. ಅವರು ಹಾಕಿರೋದೇ ನಿನ್ನ ಚಕ್ರಕ್ಕೆ" ಅಂದೆ. ಚಕ್ರದಡಿ ಸಿಪ್ಪೆ ಚಟಚಟ ಒಡೆಯಿತು. ಧೂಳಿನ ಜೊತೆ ಒಣ ಹುರುಳಿಯ ಒಗರು ವಾಸನೆ ಕಿಟಕಿಯಿಂದ ಒಳಗೆ ಬಂತು. ರಸ್ತೆ ಬದಿಯಲ್ಲಿ ಮೊರ ಹಿಡಿದು ಕೂತಿದ್ದ ಹೆಂಗಸರು ನಮ್ಮನ್ನು ನೋಡಿ ನಕ್ಕರು. ನನಗೆ ನಗು ಬರಲಿಲ್ಲ. ಆ ವಾಸನೆಗೆ ನನ್ನ ಎದೆ ಇವತ್ತಿಗೂ ಸ್ವಲ್ಪ ಭಾರವಾಗುತ್ತದೆ. ವಿಮಾನ ನಿಲ್ದಾಣದಲ್ಲಿ ಕಳೆದ ಆ ಒಂದು ವರ್ಷದಿಂದ ಅಂಟಿಕೊಂಡ ಕಾಯಿಲೆ ಅದು.

ನಾನು ಸಿವಿಲ್ ಇಂಜಿನಿಯರ್. ಹೆಸರು ದೊಡ್ಡದು, ಕೆಲಸ ಸಣ್ಣದು. ನಮ್ಮೂರು ಮಿರ್ಲೆ ಹತ್ತಿರ, ನಾಲೆ ನೀರಿನ ಬಯಲು. ಕೃಷ್ಣರಾಜನಗರ, ಸಾಲಿಗ್ರಾಮದ ಸುತ್ತ ಚರಂಡಿ, ಮೋರಿ, ಶಾಲೆಗಳ ಕಾಂಪೌಂಡು ಕಟ್ಟಿಸಿಕೊಂಡು ಕಾಲ ಹಾಕಿದ್ದವನು. ಐವತ್ತು ದಾಟಿ ಮಂಡಿ ನೋವು ಶುರುವಾದ ಮೇಲೆ ಈ ವಿಮಾನ ನಿಲ್ದಾಣದ ಕೆಲಸ ಗಂಟುಬಿತ್ತು. ವಿಮಾನ ನಿಲ್ದಾಣ ಅಂದ ತಕ್ಷಣ ಗಾಬರಿ ಬೀಳಬೇಕಿಲ್ಲ. ತಾಲ್ಲೂಕು ಬಸ್ ಸ್ಟ್ಯಾಂಡಿನಷ್ಟು ಒಂದು ಕಟ್ಟಡ, ಒಂದು ರನ್‌ವೇ. ಬೆಳಗ್ಗೆ ಒಂದು ಪುಟ್ಟ ವಿಮಾನ ಬರುತ್ತಿತ್ತು. ಮೋಡ ಕವಿದರೆ ಅದೂ ಇಲ್ಲ. ಮಿಕ್ಕ ಹೊತ್ತು ಪೈಲಟ್ ಆಗಲು ಕಲಿಯುವವರ ಚಿಕ್ಕ ವಿಮಾನಗಳು ನೆತ್ತಿಯ ಮೇಲೆ ಗುಂಯ್‌ಗುಡುತ್ತಾ ಸುತ್ತುತ್ತಿದ್ದವು. ಹಾರನಹಳ್ಳಿ ಹೋಬಳಿ ಹತ್ತಿರವೇ ಇತ್ತು. "ಆರ್ನಳ್ಳಿ ಅಂತ ಎಸ್ರು ಮಡಿಕ್ಕಂಡ್ ಮ್ಯಾಲೆ ಇಮಾನ ಬರ್ದೆ ಇನ್ನೇನ್ ದೋಣಿ ಬಂದಾತಾ" ಅಂತ ಅಲ್ಲಿಯ ಟೀ ಅಂಗಡಿಯಲ್ಲಿ ತಮಾಷೆ ಮಾಡುತ್ತಿದ್ದರು.

ನನ್ನ ಕೆಲಸ ರನ್‌ವೇಯದ್ದಲ್ಲ. ನಿಲ್ದಾಣದ ಒಳಬೇಲಿಯಾಚೆ, ಪಕ್ಕದ ಪುಟ್ಟ ಊರು ಕೊಪ್ಪಲಿಗೆ ಬೆನ್ನು ಕೊಟ್ಟಂತೆ ಒಂದು ತುಂಡು ನೆಲ ಉಳಿದಿತ್ತು. ಅದನ್ನು ಸುತ್ತಲಿನ ಜನರ ಆಟಕ್ಕೆ, ನಡಿಗೆಗೆ ತಯಾರು ಮಾಡಿಕೊಡಬೇಕು. ಹೊಲ ಕೊಟ್ಟವರಿಗೆ ಬೇಲಿಗೆ ಮುಖ ಆನಿಸಿ ವಿಮಾನ ನೋಡುವುದು ಬಿಟ್ಟರೆ ಇನ್ನೇನೂ ಸಿಕ್ಕಿಲ್ಲ ಅನ್ನುವ ಗೊಣಗಾಟ ಇತ್ತು. ಅವರನ್ನು ಸಮಾಧಾನ ಮಾಡಲು ಮೇಲಿನವರು ಯೋಚಿಸಿದ ದಾರಿ ಇದು. ಸುತ್ತಲೂ ವಾಕಿಂಗ್ ಟ್ರ್ಯಾಕ್, ಒಂದು ಮೂಲೆಯಲ್ಲಿ ವ್ಯಾಯಾಮದ ಯಂತ್ರಗಳು, ಮಕ್ಕಳಿಗೆ ಉಯ್ಯಾಲೆ, ಕೂರಲು ಕಲ್ಲುಬೆಂಚು, ನಡುವೆ ಥ್ರೋಬಾಲ್ ಆಡಲು ನುಣ್ಣನೆಯ ಸಿಮೆಂಟಿನ ಅಂಕಣ. ಇಷ್ಟಕ್ಕೆ ಒಂದು ನಕ್ಷೆ ಕೈಗೆ ಕೊಟ್ಟು, ಹೋಗಿ ಕಟ್ಟಿಸಿ ಅಂದರು.

ಶುರು ಮಾಡಿದ್ದು ಆಷಾಢದಲ್ಲಿ. ಗಾಳಿ ಅಂದರೆ ಗಾಳಿ. ಹಿಡಿದ ಟೇಪು ನಿಲ್ಲುತ್ತಿರಲಿಲ್ಲ, ಎಳೆದ ಸುಣ್ಣದ ಗೆರೆ ಜಡಿಮಳೆಗೆ ತೊಳೆದುಹೋಗುತ್ತಿತ್ತು. ಊರ ಕಡೆಯಿಂದ ಹೊಗೆಸೊಪ್ಪು ಬೇಯಿಸುವ ಬ್ಯಾರನ್‌ಗಳ ಹೊಗೆ ಬಂದು ಮೂಗಿಗೆ ಕೂರುತ್ತಿತ್ತು. ಹುಣಸೂರಿನ ಬಾಡಿಗೆ ರೂಮಿನಿಂದ ಬೈಕಿನಲ್ಲಿ ಬಂದು, ಕೆಸರಲ್ಲಿ ನಿಂತು, ಸಂಜೆ ವಾಪಸು ಹೋಗುವಷ್ಟರಲ್ಲಿ ಊಟ ಮಾಡುವುದಕ್ಕೂ ಬೇಜಾರು.

ಕೆಲಸದ ಜಾಗಕ್ಕೊಂದು ಬೋರ್ಡು ಹಾಕಿಸಿ ಅಂದರು ಮ್ಯಾನೇಜರ್ ಮೇಡಂ. ಕರಾವಳಿ ಕಡೆಯವರು, ಮೆಲುಮಾತಿನವರು, ಯಾರ ಮೇಲೂ ದನಿ ಏರಿಸಿದವರಲ್ಲ. ನಕ್ಷೆಯಲ್ಲಿ ಇದ್ದ ಹೆಸರನ್ನೇ ಕನ್ನಡ ಅಕ್ಷರದಲ್ಲಿ ಬರೆಸಿ ನೆಡಿಸಿದೆ: 'ಕಮ್ಯುನಿಟಿ ರಿಕ್ರಿಯೇಷನ್ ಸೆಂಟರ್.' ಮಾರನೆಯ ಬೆಳಗ್ಗೆ ಕೊಪ್ಪಲಿನ ಹೆಂಗಸರು ದಂಡು ಕಟ್ಟಿಕೊಂಡು ಬಂದರು. ಮುಂದೆ ಇದ್ದವರು ಜಯಮ್ಮ. ನಲವತ್ತೈದರ ಆಸುಪಾಸಿನ ಗಟ್ಟಿ ಹೆಂಗಸು, ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡಿದ್ದರು.

"ಇಸ್ಪೀಟ್ ಕ್ಲಬ್ ಮಾಡಕ್ಕೆ ನಮ್ ಒಲನೇ ಬೇಕಿತ್ತಾ ಸಾ ನಿಮ್ಗೆ?"

ನನಗೆ ತಲೆಬುಡ ತಿಳಿಯಲಿಲ್ಲ. ಅವರು ಬೋರ್ಡು ತೋರಿಸಿದರು. ಆಗ ಹೊಳೆಯಿತು. ನಮ್ಮ ಕಡೆ ರಿಕ್ರಿಯೇಷನ್ ಅನ್ನುವ ಹೆಸರು ಹೊತ್ತ ಕಟ್ಟಡದಲ್ಲಿ ನಡೆಯುವುದು ಒಂದೇ ಕೆಲಸ. ಗಂಡಸರು ಬಾಗಿಲು ಹಾಕಿಕೊಂಡು ಎಲೆ ಹಾಕುತ್ತಾರೆ. ಅದು ಗೊತ್ತಿಲ್ಲದ ಹೆಂಗಸು ಈ ನಾಲ್ಕು ತಾಲ್ಲೂಕಿನಲ್ಲಿ ಇಲ್ಲ. ಇಂಜಿನಿಯರ್ ಆದ ನನಗೆ ಅಷ್ಟು ಹೊಳೆಯದೆ ಹೋಗಿತ್ತು.

"ಅಯ್ಯೋ, ಅದಲ್ಲ ಕಣಮ್ಮ" ಅಂತ ಸಿಮೆಂಟ್ ಮೂಟೆಯ ಮೇಲೆ ನಕ್ಷೆ ಬಿಡಿಸಿ ತೋರಿಸಿದೆ. ಉಯ್ಯಾಲೆ ತೋರಿಸಿದ ಮೇಲೆ ಹೆಂಗಸರು ತಣ್ಣಗಾದರು. ಒಬ್ಬೊಬ್ಬರೇ ಹೊರಟರು. ಜಯಮ್ಮ ಮಾತ್ರ ಟ್ರ್ಯಾಕಿನ ಗೆರೆಯ ಮೇಲೆ ಬೆರಳಿಟ್ಟುಕೊಂಡು ನಿಂತಿದ್ದರು.

"ಇದೇನ್ ಸಾ, ದುಂಡುಗೆ?"

"ನಡೆಯೋಕೆ. ವಾಕಿಂಗ್."

"ಮಟ್ಟಸವಾಗಿರ್ತದಾ? ಕಲ್ಲು ಗಿಲ್ಲು ಕಾಲಿಗೆ ಸಿಕ್ಕಾಕಿಲ್ವಾ?"

"ಕೇರಂ ಬೋರ್ಡ್ ಇದ್ದ ಹಾಗಿರುತ್ತೆ."

ಅವರು ಗೆರೆಯಿಂದ ಬೆರಳು ತೆಗೆಯದೆ ಹೇಳಿದರು. ಅವರ ಯಜಮಾನರು ನಿಂಗೇಗೌಡರಿಗೆ ಯುಗಾದಿ ಕಳೆದ ಮೇಲೆ ಲಕ್ವ ಹೊಡೆದಿತ್ತು. ಎಡಗೈ, ಎಡಗಾಲು ಬಿದ್ದುಹೋಗಿ, ಮಾತು ಕೂಡ ಎಳೆಯುತ್ತಿತ್ತು. ದಿನಾ ಮಟ್ಟಸವಾದ ನೆಲದ ಮೇಲೆ ನಡೆಸಿದರೆ ಕಾಲು ಬರುತ್ತದೆ, ಕೂರಿಸಿಬಿಟ್ಟರೆ ಕೂತೇ ಹೋಗುತ್ತಾರೆ ಅಂದಿದ್ದರಂತೆ ಮೈಸೂರಿನ ಡಾಕ್ಟರು. ಊರ ಓಣಿಯಲ್ಲಿ ಚಪ್ಪಡಿ, ಚರಂಡಿ, ಕಟ್ಟಿದ ಎಮ್ಮೆ. ಎರಡು ಸಲ ಬಿದ್ದ ಮೇಲೆ ಗೌಡರು ಹೊರಗೆ ಕಾಲಿಡುವುದನ್ನೇ ಬಿಟ್ಟಿದ್ದರು.

"ಮಟ್ಟಸವಾದ ನೆಲ ಅಂತ ಇದ್ದುದ್ದು ನಮ್ ಒಲ ಒಂದೇಯ ಸಾ. ಅದ್ರ ಮ್ಯಾಲೆ ಈಗ ಇಮಾನ ನಡೀತದೆ" ಅಂದರು. ಸಿಟ್ಟಿನಿಂದ ಹೇಳಲಿಲ್ಲ. ಇದ್ದದ್ದನ್ನು ಇದ್ದ ಹಾಗೆ ಹೇಳಿದರು. ಆಮೇಲೆ ನಕ್ಷೆಯಲ್ಲಿ ಊರು ಎಲ್ಲಿ ಬರುತ್ತದೆ ಅಂತ ಕೇಳಿದರು. ತೋರಿಸಿದೆ. ಗೇಟು ಎಲ್ಲಿ ಅಂದರು. ಅದು ನಿಲ್ದಾಣದ ಮುಂದಿನ ರಸ್ತೆಗೆ, ತದ್ವಿರುದ್ಧ ದಿಕ್ಕಿಗೆ ಇತ್ತು. ಕೊಪ್ಪಲಿನಿಂದ ಅಲ್ಲಿಗೆ ಬರಬೇಕಾದರೆ ಇಡೀ ನಿಲ್ದಾಣವನ್ನು ಸುತ್ತಬೇಕು. ಗಟ್ಟಿ ಕಾಲಿನವರಿಗೇ ಏದುಸಿರು ಬರುವ ದಾರಿ.

"ನಮ್ ಕಡೀಗೊಂದು ಸಣ್ ಗೇಟ್ ಮಡಗಿ ಸಾ. ದನ ನುಗ್ಗೋದ್ ಬ್ಯಾಡ, ಮನ್ಸ ನುಗ್ಗಿದ್ರೆ ಸಾಕು. ನಮ್ಮೆಜಮಾನ್ರು ನಡುದ್ರೆ ನಿಮ್ ಎಸ್ರು ಏಳ್ಕತೀನಿ."

ಆ ಒಂದು ಗೇಟಿಗಾಗಿ ನಾನು ಪಟ್ಟ ಪಾಡು ಅಷ್ಟಿಷ್ಟಲ್ಲ. ನಕ್ಷೆಯಲ್ಲಿ ಇಲ್ಲ ಅಂದರು. ಕಾವಲಿಗೆ ಜನ ಇಲ್ಲ ಅಂದರು. ಸುರಕ್ಷತೆಯವರನ್ನು ಕೇಳಿ ಅಂದರು, ಅವರು ಮೇಡಂನ ಕೇಳಿ ಅಂದರು, ಮೇಡಂ ಮೇಲಿನವರನ್ನು ಕೇಳುತ್ತೇನೆ ಅಂದರು. ಶ್ರಾವಣ ಹೋಯಿತು, ಗೌರಿಹಬ್ಬ ಹೋಯಿತು, ಪಿತೃಪಕ್ಷ ಬಂತು. ಅತ್ತ ಟ್ರ್ಯಾಕಿಗೆ ಜಲ್ಲಿ ಬಿದ್ದು ರೋಲರ್ ಓಡುತ್ತಿದ್ದರೂ ಇತ್ತ ಬೇಲಿ ಬೇಲಿಯಾಗಿಯೇ ಇತ್ತು. ಜಯಮ್ಮ ಎರಡು ದಿನಕ್ಕೊಮ್ಮೆ ಬೇಲಿಯಾಚೆ ಬಂದು ನಿಲ್ಲುತ್ತಿದ್ದರು. ಏನನ್ನೂ ಕೇಳುತ್ತಿರಲಿಲ್ಲ. "ಊಟ ಆಯ್ತಾ ಸಾ" ಅನ್ನುತ್ತಿದ್ದರು, ಅಷ್ಟೆ. ಅದಕ್ಕಿಂತ ಬೈದಿದ್ದರೆ ವಾಸಿಯಿತ್ತು. ಕೊನೆಗೆ ದಸರೆ ಹೊತ್ತಿಗೆ, ನನ್ನ ಕಾಟ ತಡೆಯಲಾರದೆ ಅಂತ ಕಾಣುತ್ತದೆ, ಮೇಡಂ ಒಪ್ಪಿಗೆ ತರಿಸಿದರು. ಬೆಳಗ್ಗೆ ಕಾವಲುಗಾರ ತೆಗೆಯಬೇಕು, ಸಂಜೆ ಮುಚ್ಚಬೇಕು.

ಬೋರ್ಡಿನ ಹೆಸರೂ ಬದಲಾಗಬೇಕಿತ್ತಲ್ಲ. ಅದನ್ನು ನನಗೇ ಬಿಟ್ಟರು. ಕ್ರೀಡಾಂಗಣ ಅಂದರೆ ನಡೆಯುವವರು ಹೊರಗುಳಿಯುತ್ತಾರೆ, ಉದ್ಯಾನ ಅನ್ನೋಣವೆಂದರೆ ಒಂದು ಹೂಗಿಡವಿಲ್ಲ. ಪತ್ರಿಕೆಯಲ್ಲಿ ಆಟದ ಕಣ, ಚುನಾವಣಾ ಕಣ ಅಂತೆಲ್ಲ ಓದಿದ್ದೆ. ಚಿಕ್ಕದಾಗಿ, ಕನ್ನಡದಲ್ಲೇ 'ಸಮುದಾಯ ಕಣ' ಅಂತ ದಪ್ಪಕ್ಷರದಲ್ಲಿ ಬರೆಸಿದೆ. ನನ್ನ ಜಾಣತನಕ್ಕೆ ನಾನೇ ಬೆನ್ನು ತಟ್ಟಿಕೊಂಡೆ.

ಗೇಟು ತೆಗೆದ ಮೊದಲ ಬೆಳಗ್ಗೆ ನಿಂಗೇಗೌಡರು ಬಂದರು. ಒಂದು ಕಾಲಕ್ಕೆ ಎತ್ತರದ ಆಳು ಅನ್ನುವುದು ಬಾಗಿದ ಬೆನ್ನಲ್ಲೂ ಗೊತ್ತಾಗುತ್ತಿತ್ತು. ಬಲಗೈಯಲ್ಲಿ ಊರುಗೋಲು, ಎಡಗೈ ಎದೆಗೆ ಮಡಚಿಕೊಂಡಿತ್ತು. ಎಡಪಾದ ನೆಲ ಗೀರುತ್ತಿತ್ತು. ಮೊದಲ ಬೆಂಚಿನವರೆಗೆ ಬರುವಷ್ಟರಲ್ಲಿ ಅಂಗಿ ಬೆನ್ನಿಗೆ ಅಂಟಿತ್ತು. ದೀಪಾವಳಿ ಹೊತ್ತಿಗೆ ಅರ್ಧ ಸುತ್ತು. ಇಬ್ಬನಿ ಬೀಳುವ ಕಾಲ ಬಂದಾಗ ಪೂರಾ ಒಂದು ಸುತ್ತು, ಜಯಮ್ಮನ ಹೆಗಲು ಬಿಟ್ಟು. ಆಕೆ ಹಿಂದೆ ಎರಡು ಹೆಜ್ಜೆ ಬಿಟ್ಟುಕೊಂಡು, ಕೈ ಅರ್ಧ ಚಾಚಿಕೊಂಡೇ ನಡೆಯುತ್ತಿದ್ದರು. ನಾನು ಕಾಫಿ ಲೋಟ ಹಿಡಿದು ದೂರದಿಂದ ನೋಡುತ್ತಿದ್ದೆ. ನನ್ನ ಇಡೀ ನೌಕರಿಯಲ್ಲಿ ನಾನು ಕಟ್ಟಿಸಿದ್ದನ್ನು ಒಬ್ಬ ಮನುಷ್ಯ ಹೀಗೆ ದಿನಾ ಬಂದು ಬಳಸುವುದನ್ನು ಕಂಡಿರಲಿಲ್ಲ. ಮೋರಿ ಕಟ್ಟಿದರೆ ಯಾರು ಬಂದು ನೋಡುತ್ತಾರೆ? ಖುಷಿಯಾಗುತ್ತಿತ್ತು, ಮುಚ್ಚಿಡುವುದೇಕೆ.

ಕಾಲು ಬಂತು, ಕೈ ಮಾತ್ರ ಬರಲಿಲ್ಲ. ವ್ಯಾಯಾಮದ ಯಂತ್ರಗಳಲ್ಲಿ ಕೈಯಿಂದ ತಿರುಗಿಸುವ ಒಂದು ಚಕ್ರ ಇತ್ತು. ಜಯಮ್ಮ ಗಂಡನ ಎಡಗೈ ಬಿಡಿಸಿ ಅದರ ಹಿಡಿಯ ಮೇಲೆ ಇಡುತ್ತಿದ್ದರು. ಅದು ಜಾರಿ ಬೀಳುತ್ತಿತ್ತು. ಎರಡು ದಿನ ನೋಡಿ ಗೌಡರು "ಮಕ್... ಮಕ್ಳಾಟ" ಅಂತ ಮುಖ ತಿರುಗಿಸಿದರು.

ಸಂಕ್ರಾಂತಿ ಕಳೆದಿತ್ತು. ಒಂದು ಬೆಳಗ್ಗೆ ನಾನು ಹೋಗಿ ನೋಡುತ್ತೇನೆ, ಥ್ರೋಬಾಲ್ ಅಂಕಣ ಕಾಣಿಸಲೇ ಇಲ್ಲ. ಅಂಚಿನಿಂದ ಅಂಚಿಗೆ ಹುರುಳಿ ಗಿಡ ಹರವಿತ್ತು. ಸುತ್ತ ಹೆಂಗಸರು ದೊಣ್ಣೆ ಹಿಡಿದು ಬಡಿಯುತ್ತಿದ್ದರು. ನೆಟ್ಟಿನ ಕಂಬಕ್ಕೆ ಬುತ್ತಿಯ ಚೀಲ ನೇತುಹಾಕಿದ್ದರು.

"ಏನ್ ಜಯಮ್ಮ ಇದು?"

"ಉರ್ಳಿ ಸಾ."

"ಹುರುಳಿ ಅಂತ ಗೊತ್ತಾಯ್ತು. ಇಲ್ಲಿ ಯಾಕೆ?"

ಅವರು ನನ್ನನ್ನೇ ವಿಚಿತ್ರವಾಗಿ ನೋಡಿದರು. "ಇನ್ನೆಲ್ ಸಾ? ನಮ್ ಕಣ ಎಲ್ಲಾ ನಿಮ್ ರನ್‌ವೇ ಅಡೀಗೆ ಒಂಟೋದೋ. ಅವತ್ನಿಂದ ಟಾರ್ ರೋಡ್ನಾಗೆ ಜೀವ ಕೈಲಿ ಇಡ್ಕಂಡ್ ಆಕ್ತಿದ್ದೋ. ನೀವೇ ಬೋರ್ಡ್ ಬರ್ಸಿದ್ದೀರಲ್ಲ, ಸಮುದಾಯ ಕಣ ಅಂತ. ಪಂಚಾಯ್ತಿಯೋರು ಪಕ್ಕದೂರ್ಗೆ ಒಕ್ಣೆ ಕಣ ಮಾಡ್ಕೊಟ್ಟವ್ರೆ, ನಮ್ಗೆ ಇಮಾನದೋರು ಮಾಡ್ಕೊಟ್ರು ಅಂದ್ಕಂಡೋ."

ಇನ್ನೊಬ್ಬಾಕೆ ದೊಣ್ಣೆ ನಿಲ್ಲಿಸದೆ ಅಂದಳು: "ಇಂಥ ನುಣ್ಣನ್ ನೆಲ ಚೆಂಡಾಡಾಕೆ ಅಂತ ಯಾರ್ ಸಾ ಮಾಡ್ತಾರೆ?"

ನಾವು ನಾಲೆ ಬಯಲಿನವರು. ನಮ್ಮಲ್ಲಿ ಭತ್ತ ಕೊಯ್ಯಲು ಯಂತ್ರ ಬಂದು ಕಣ ಅನ್ನುವ ಮಾತು ಬಾಯಿಂದಲೇ ಹೋಗಿ ಕಾಲವಾಗಿತ್ತು. ನನಗೆ ಕಣ ಅಂದರೆ ಪತ್ರಿಕೆಯ ಕಣ. ಇವರಿಗೆ ಅದು ಕಾಳು ಬಡಿಯುವ ನೆಲ. ಕಳೆದುಕೊಂಡದ್ದು, ಮತ್ತೆ ಸಿಕ್ಕಿದ್ದು. ಅಷ್ಟರಲ್ಲಿ ಇನ್ನೊಂದು ತುದಿಗೆ ಕಣ್ಣು ಹೋಯಿತು. ನಿಂಗೇಗೌಡರು ಅಂಕಣದ ಮೂಲೆಯಲ್ಲಿ ಕೂತಿದ್ದರು. ಎದುರಿಗೆ ಒಂದು ಸಣ್ಣ ಗುಡ್ಡೆ. ಬಲಗೈಯಲ್ಲಿ ದೊಣ್ಣೆ ಎತ್ತಿ ಬಡಿಯುತ್ತಿದ್ದರು. ಬಡಿದ ಗಿಡವನ್ನು ತಿರುವಿ ಹಾಕುತ್ತಿದ್ದದ್ದು ಎಡಗೈ. ನಿಧಾನಕ್ಕೆ, ಬೆರಳು ಪೂರಾ ಬಿಚ್ಚದೆ, ಅಂಗೈಯ ಅಂಚಿನಿಂದ ನೂಕಿ ಆ ಕೈ ಗಿಡ ತಿರುವುತ್ತಿತ್ತು. ಗೌಡರಿಗೆ ಅದರ ಅರಿವೂ ಇದ್ದಂತೆ ಕಾಣಲಿಲ್ಲ. ಕಣ್ಣೆಲ್ಲ ಕಾಳಿನ ಮೇಲಿತ್ತು.

ಜಯಮ್ಮ ನನ್ನ ಪಕ್ಕಕ್ಕೆ ಬಂದು ಪಿಸುಗುಟ್ಟಿದರು: "ಸುಮ್ಕಿರಿ ಸಾ, ಏನೂ ಅನ್ಬ್ಯಾಡಿ. ಅನ್ನುದ್ರೆ ನಿಂತೋಯ್ತದೆ."

ಆಯ್ತು ಅಂದೆ. ಬೇಗ ಮುಗಿಸಿ ಗುಡಿಸಿಬಿಡಿ ಅಂದೆ. ಅದು ತಪ್ಪು ಅಂತ ಇವತ್ತಿಗೂ ನನಗೆ ಅನ್ನಿಸಿಲ್ಲ. ಆ ಕೈ ನೋಡಿದ ಯಾರೇ ಆಗಿದ್ದರೂ ಆಯ್ತು ಅಂತಲೇ ಅನ್ನುತ್ತಿದ್ದರು.

ಒಬ್ಬರ ಹುರುಳಿ ಮುಗಿದರೆ ಇನ್ನೊಬ್ಬರದು ಬಂತು. ಆಮೇಲೆ ರಾಗಿ ತೆನೆ ಬಂತು. ಟ್ರ್ಯಾಕಿನ ಮೇಲೂ ಹರವಿದರು. ಮೊದಲು ಗೊರವಂಕ, ಗುಬ್ಬಿ ಬಂದವು. ವಾರ ತುಂಬುವುದರೊಳಗೆ ಎಲ್ಲಿದ್ದವೋ ಪಾರಿವಾಳಗಳ ಹಿಂಡು ಬಂದು ಇಳಿಯಿತು. ಅವುಗಳ ಬೆನ್ನಿಗೆ ಹದ್ದುಗಳು ಬಂದವು. ಮೇಡಂ ನನ್ನನ್ನು ಕರೆಸಿ, ಇದು ನಿಲ್ಲಬೇಕು ಅಂದರು. ನಾಳೆಗೆ ನಿಲ್ಲಿಸುತ್ತೇನೆ ಅಂತ ಹೇಳಿ ಹೊರಗೆ ಬಂದೆ. ನಾಳೆಯವರೆಗೆ ಹೋಗಲಿಲ್ಲ. ತರಬೇತಿಯ ಚಿಕ್ಕ ವಿಮಾನ ಒಂದು ನೆಲಕ್ಕೆ ಇಳಿಯುತ್ತಿತ್ತು. ಕಣದಲ್ಲಿ ಯಾರೋ ಹಕ್ಕಿ ಓಡಿಸಲು ಗೋಣಿಚೀಲ ಬೀಸಿದರು. ಹಿಂಡು ಹಿಂಡೇ ಎದ್ದು ರನ್‌ವೇ ಕಡೆ ತಿರುಗಿತು. ವಿಮಾನ ಇನ್ನೇನು ಮುಟ್ಟಬೇಕು ಅನ್ನುವಾಗ ಮೂತಿ ಎತ್ತಿ ಒರಲುತ್ತಾ ಮೇಲಕ್ಕೆ ಹೋಯಿತು. ಇನ್ನೊಂದು ಸುತ್ತು ಹಾಕಿ ಇಳಿಯಿತು, ಏನೂ ಆಗಲಿಲ್ಲ. ಇಳಿದು ಬಂದದ್ದು ಒಬ್ಬ ಹುಡುಗಿ. ಮೆಟ್ಟಿಲ ಮೇಲೆ ಕೂತು ನೀರು ಕೇಳಿದಳು. ಕುಡಿದು ಇನ್ನೊಂದು ಲೋಟ ಕೇಳಿದಳು.

"ನೀವೇ ಹೇಳಿ, ಆ ಮಗುವಿಗೆ ಏನಾದರೂ ಆಗಿದ್ದರೆ?" ಅಂದರು ಮೇಡಂ.

ಅವರು ಹೇಳಿದ್ದರಲ್ಲಿ ಒಂದಕ್ಷರ ಸುಳ್ಳಿರಲಿಲ್ಲ. ನನ್ನನ್ನು ಹೆಚ್ಚು ಸುಸ್ತು ಮಾಡಿದ್ದೇ ಅದು. ಎದುರಿಗೆ ಕೆಟ್ಟವರೊಬ್ಬರಿದ್ದಿದ್ದರೆ ಬೈದಾದರೂ ಹಗುರಾಗಬಹುದಿತ್ತು. ಕಾಳು ಹಾಕುವುದನ್ನು ನಿಲ್ಲಿಸೋಣ, ಗೇಟು ಇರಲಿ, ಒಬ್ಬ ಮನುಷ್ಯನ ಕಾಲು ಕೈ ಅದರಲ್ಲಿದೆ ಅಂತ ಹೇಳಿಕೊಂಡೆ. ಮೇಡಂ ಮೇಲಿನವರಿಗೆ ಅದನ್ನೂ ಹೇಳಿದರು. ಅಲ್ಲಿಂದ ಬಂದ ಉತ್ತರ, ಊರ ಕಡೆಯ ಗೇಟು ಕಾಯಂ ಮುಚ್ಚಬೇಕು. ಬರುವವರು ಮುಂದಿನ ಗೇಟಿನಿಂದ, ಗುರುತಿನ ಚೀಟಿ ತೋರಿಸಿ ಬರಬೇಕು.

ಜಯಮ್ಮನಿಗೆ ನಾನೇ ಹೋಗಿ ಹೇಳಿದೆ. ಅವರು ಅಳಲಿಲ್ಲ, ಕೂಗಾಡಲಿಲ್ಲ. "ಉರ್ಳಿ ಎತ್ಕತೀವಿ ಸಾ. ಒಂದ್ ಕಾಳು ಬುಡ್ದಂಗೆ ಗುಡ್ಸಿ ಕೊಡ್ತೀವಿ. ಗೇಟ್ ಬುಡಿ" ಅಂದರು. ಅವತ್ತು ಮಧ್ಯಾಹ್ನದ ಬಿಸಿಲಲ್ಲಿ ಕೊಪ್ಪಲಿನ ಹೆಂಗಸರೆಲ್ಲ ಬಂದರು. ತೆಂಗಿನ ಪೊರಕೆಯಲ್ಲಿ ಒಮ್ಮೆ, ನಯವಾದ ಹಂಚಿಹುಲ್ಲಿನ ಪೊರಕೆಯಲ್ಲಿ ಒಮ್ಮೆ ಗುಡಿಸಿದರು. ಟ್ರ್ಯಾಕಿನ ಸಂದಿಗೆ ಸಿಕ್ಕಿದ ರಾಗಿಯನ್ನು ಕೂತು ಉಗುರಿನಿಂದ ತೆಗೆದರು. ನಾನು ಕಟ್ಟಿಸಿ ಬಿಟ್ಟುಕೊಟ್ಟ ದಿನವೂ ಆ ಅಂಕಣ ಅಷ್ಟು ಸ್ವಚ್ಛವಿರಲಿಲ್ಲ. ಮಾರನೆಯ ದಿನ ವೆಲ್ಡಿಂಗ್‌ನವನು ಬಂದ. ಗೇಟಿಗೆ ಅಡ್ಡಪಟ್ಟಿ ಬೆಸೆಯುವಾಗ ಜಯಮ್ಮ ಆಚೆ ನಿಂತಿದ್ದರು. ಕಣ್ಣಿಗೆ ಬೆಳಕು ಹೊಡೆಯುತ್ತದೆ, ಆ ಕಡೆ ತಿರುಗಿ ಅಂದೆ. ತಿರುಗಲಿಲ್ಲ.

"ನೀವೇನ್ ಮಾಡೀರಿ ಬುಡಿ ಸಾ" ಅಂದು ಹೊರಟುಹೋದರು.

ಆಮೇಲೆ ಅಲ್ಲಿಗೆ ಹೋಗಲು ನನಗೆ ಮನಸ್ಸಾಗುತ್ತಿರಲಿಲ್ಲ. ಭಾನುವಾರ ಪಿರಿಯಾಪಟ್ಟಣದಿಂದ ಕಾರಿನಲ್ಲಿ ಕೆಲವರು ಬಂದು ವಿಮಾನ ಕಾಣುವ ಹಾಗೆ ಫೋಟೋ ಹೊಡೆಸಿಕೊಂಡು ಹೋಗುತ್ತಿದ್ದರು. ಮಿಕ್ಕ ದಿನ ಟ್ರ್ಯಾಕು ಖಾಲಿ. ಗೌಡರು ಹೇಗಿದ್ದಾರೆ ಅಂತ ಕೇಳಲು ಕೊಪ್ಪಲಿಗೆ ಹೋಗಬೇಕಿತ್ತು. ಯಾವ ಮುಖ ಹೊತ್ತು ಹೋಗುವುದು? ಮತ್ತೆ ಜಗುಲಿಯ ಮೇಲೆ ಕೂತಿರುತ್ತಾರೆ, ಆ ಕಾಲು ಸೆಟೆದುಕೊಂಡಿರುತ್ತದೆ ಅಂತ ನೆನೆಸಿಕೊಂಡರೇ ಸಂಕಟವಾಗುತ್ತಿತ್ತು. ಬಿಸಿಲು ಏರತೊಡಗಿತ್ತು. ನನ್ನ ಕೆಲಸವೂ ಮುಗಿದಿತ್ತು, ಬೇರೆ ಕಡೆಗೆ ಹಾಕಿದ್ದರು. ಹೊರಡುವುದಕ್ಕೆ ಸ್ವಲ್ಪ ದಿನ ಮುಂಚೆ ಒಂದು ಬೆಳಗ್ಗೆ ಮುಂದಿನ ಗೇಟಿನ ಕಾವಲುಗಾರ ಮಾದೇವ ಫೋನ್ ಮಾಡಿದ. ಕೋಟೆ ತಾಲ್ಲೂಕಿನ ಕಡೆಯವನು, ಪಾಪದ ಮನುಷ್ಯ. "ಸಾ, ಒಸಿ ಬನ್ನಿ ಇಲ್ಲಿ. ನಂಗೆ ಏನ್ ಮಾಡ್ಬೇಕೋ ತಿಳೀತಿಲ್ಲ."

ಹೋದೆ. ಗೇಟಿನಾಚೆ ನಿಂಗೇಗೌಡರು ನಿಂತಿದ್ದರು. ಮೊಣಕಾಲವರೆಗೆ ಧೂಳು. ಅಂಗಿ ಪೂರಾ ಒದ್ದೆ. ಪಕ್ಕದಲ್ಲಿ ಜಯಮ್ಮ. ಆಟೋ ಇಲ್ಲ, ಬೈಕ್ ಇಲ್ಲ, ಹಿಂದೆ ಯಾರೂ ಇಲ್ಲ. ಇಡೀ ನಿಲ್ದಾಣವನ್ನು ಸುತ್ತಿಕೊಂಡು, ಟ್ರ್ಯಾಕ್ಟರ್ ಓಡಾಡುವ ರಸ್ತೆಯ ಅಂಚಿನಲ್ಲಿ ನಡೆದೇ ಬಂದಿದ್ದರು.

"ಆಧಾರ್ ಕಾರ್ಡ್ ತಂದಿಲ್ಲ ಅಂತಾವ್ರೆ ಸಾ. ಬುಟ್ರೆ ನನ್ ಕೆಲ್ಸ ಒಯ್ತದೆ" ಅಂದ ಮಾದೇವ.

"ನಡ್ಯಾಕ್ ಬಂದೋರು ಕಣಪ್ಪ ನಾವು, ರೇಷನ್ ತಕ್ಕಳಾಕಲ್ಲ" ಅಂದರು ಜಯಮ್ಮ.

"ನನ್ನ ಮೇಲೆ ಹಾಕು ಮಾದೇವ. ತೆಗಿ ಗೇಟು" ಅಂದೆ. ಅವನು ತೆಗೆದ. "ಬನ್ನಿ ಗೌಡ್ರೇ, ಮೊದಲು ಬೆಂಚಿನ ಮೇಲೆ ಕೂತ್ಕೊಳ್ಳಿ, ನೀರು ತರಿಸ್ತೀನಿ."

ಗೌಡರು ಅಲುಗಲಿಲ್ಲ. ತೆರೆದ ಗೇಟಿನಿಂದ ಒಳಗೆ ನೋಡಿದರು. ಟ್ರ್ಯಾಕು, ಅಂಕಣ, ಅದರಾಚೆ ಬೇಲಿ, ಬೇಲಿಯಾಚೆ ಬಿಸಿಲಿಗೆ ಹೊಳೆಯುವ ರನ್‌ವೇ. ಆಮೇಲೆ ಮಾತಾಡಿದರು. ಒಂದೊಂದು ಮಾತಿಗೂ ಉಸಿರು ಕೂಡಿಸಿಕೊಂಡು, ಹೆಂಡತಿಯ ಕಡೆ ನೋಡದೆ, ನನ್ನ ಮುಖ ನೋಡಿಕೊಂಡೇ ಮಾತಾಡಿದರು.

"ಬ್ಯಾಡ... ಬುಡಿ ಸಾ. ನಡ್ಯೋದು... ಆಯ್ತಲ್ಲ."

"ಇಷ್ಟು ದೂರ ಬಂದು ಹಾಗೇ ಹೋಗ್ತೀರಾ?"

"ದಿನಾ ಬತ್ತೀನಿ. ಈ ಗೇಟ್‌ಗಂಟ... ಬಂದು... ತಿರುಕ್ಕತೀನಿ." ಸ್ವಲ್ಪ ನಿಂತು, ಊರುಗೋಲು ಸರಿಮಾಡಿಕೊಂಡು, ಅಂದರು: "ಒಳೀಕೆ... ಬರಾಕಿಲ್ಲ."

ಅಷ್ಟು ಹೇಳಿ ತಿರುಗಿದರು. ಜಯಮ್ಮ ಗಂಡನ ಹಿಂದೆ ಎರಡು ಹೆಜ್ಜೆ ಬಿಟ್ಟುಕೊಂಡು ನಡೆದರು. ರಸ್ತೆಯ ಆ ನೇರಕ್ಕೆ ನೆರಳು ಅನ್ನುವುದೇ ಇರಲಿಲ್ಲ.

"ಮುಚ್ಲಾ ಸಾ?" ಅಂತ ಮಾದೇವ ಕೇಳಿದ.

"ತಡಿ. ಅವರು ತಿರುವಿನಲ್ಲಿ ಮರೆಯಾಗಲಿ, ಆಮೇಲೆ ಮುಚ್ಚು" ಅಂದೆ.

ಅವನು ಗೇಟು ಹಿಡಿದುಕೊಂಡು ನಿಂತ, ನಾನೂ ನಿಂತೆ. ಅವರು ನಡೆಯುವ ರೀತಿಗೆ ಅದಕ್ಕೆ ಬಹಳ ಹೊತ್ತು ಹಿಡಿಯಿತು.